ಇದ್ದಿಲಿಗೂ ಬೇಕು ಹದ

ಕಬ್ಬು ಕಡಿದು ಲಾರಿಗೆ ತುಂಬಿದ ಒಂದೆರಡು ದಿನದಲ್ಲೇ ಮಂಡ್ಯ ಜಿಲ್ಲೆಯ ಅರಕೆರೆ ಹೋಬಳಿಯ ಗದ್ದೆಗಳಲ್ಲಿ ತರಗಿಗೆ ಬೆಂಕಿ ಬೀಳುತ್ತದೆ. ಕೂಳೆ ಬೆಳೆಗೆ ನೀರು ಕಟ್ಟುವ ಆತುರ, ತರಗಿನಡಿ ಸೇರಿಕೊಳ್ಳುವ ಇಲಿ ಹಾವುಗಳ ಭಯ, ಗುಡ್ಡೆ ಹಾಕಿಸೋಣವೆಂದರೆ ಆಳು ಸಿಗದ ಕಷ್ಟ. ಇಷ್ಟೆಲ್ಲ ಇರುವಾಗ ಕಡ್ಡಿ ಗೀರುವುದೇ ಸುಲಭ ಅನ್ನಿಸುತ್ತದೆ. ಚಟಪಟ ಸದ್ದಿನೊಂದಿಗೆ ಗದ್ದೆ ಕಪ್ಪಾಗುತ್ತದೆ, ಗಾಳಿ ಎದ್ದರೆ ಬೂದಿ ಪಕ್ಕದ ಊರಿನಲ್ಲಿ ಒಣಹಾಕಿದ ಬಟ್ಟೆಯ ಮೇಲೆ ಕೂರುತ್ತದೆ. ಅದೇ ತರಗನ್ನು ಗಾಳಿಯಾಡದಂತೆ ಮಾಡಿ ಸುಟ್ಟರೆ ಬೂದಿಯ ಬದಲು ಇದ್ದಿಲು ಸಿಗುತ್ತದೆ. ಆ ಇದ್ದಿಲನ್ನು ಸರಿಯಾಗಿ ಹದ ಮಾಡಿದರೆ ನೀರಿನಲ್ಲಿ ಕರಗಿರುವ ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್‌ನಂಥ ವಿಷಗಳನ್ನು ಹಿಡಿದಿಡಬಲ್ಲದು. ಸರಿಯಾಗಿ ಹದ ಮಾಡಿದರೆ ಮಾತ್ರ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಇಂಥ ಇದ್ದಿಲಿಗಿರುವ ಬಯೋಚಾರ್ ಎಂಬ ಹೆಸರು ಈಗ ಕೃಷಿ ಮೇಳದ ಮಳಿಗೆಗಳಲ್ಲಿ, ರೈತರ ತರಬೇತಿಗಳಲ್ಲಿ, ಮೊಬೈಲಿನ ವಿಡಿಯೊಗಳಲ್ಲಿ ಬಹಳ ಓಡಾಡುತ್ತಿದೆ. ಮಣ್ಣಿಗೆ ಹಾಕಿದರೆ ತೇವ ನಿಲ್ಲುತ್ತದೆ, ಹಾಕಿದ ಗೊಬ್ಬರ ಬೇಗ ಕೊಚ್ಚಿಹೋಗುವುದಿಲ್ಲ, ಇಂಗಾಲ ಹೊಗೆಯಾಗಿ ಮೇಲೇರದೆ ಬಹುಕಾಲ ಮಣ್ಣಿನಲ್ಲೇ ಉಳಿಯುತ್ತದೆ ಎನ್ನುತ್ತಾರೆ. ಇವೆಲ್ಲ ಬಹುಮಟ್ಟಿಗೆ ನಿಜ. ಆದರೆ ಈ ಗುಣಗಳ ಪಟ್ಟಿಯ ಕೊನೆಗೆ ‘ವಿಷ ಲೋಹಗಳನ್ನೂ ಹೀರುತ್ತದೆ’ ಎಂಬ ಒಂದು ಸಾಲು ಸದ್ದಿಲ್ಲದೆ ಸೇರಿಕೊಂಡಿರುತ್ತದೆ. ಅದನ್ನು ನಂಬಿ ಊರ ಚರಂಡಿ ನೀರು ಹಾಯುವ ಗದ್ದೆಗೆ ನಾಲ್ಕು ಚೀಲ ಇದ್ದಿಲು ಎರಚಿ ನೆಮ್ಮದಿಯಾಗಿ ಇರುವಂತಿಲ್ಲ. ಒಲೆಯಿಂದ ಎತ್ತಿದ ಇದ್ದಿಲು ಲೋಹ ಹಿಡಿಯುವುದು ಅಷ್ಟಕ್ಕಷ್ಟೆ. ಯಾವ ಲೋಹಕ್ಕೆ ಯಾವ ಇದ್ದಿಲು, ಅದಕ್ಕೆ ಯಾವ ಉಪಚಾರ ಎಂಬುದನ್ನು ತಿಳಿಯದೆ ಮಾಡಿದ ಕೆಲಸ ಕೆಲವೊಮ್ಮೆ ಕೇಡನ್ನೂ ತರುತ್ತದೆ.

ಲೋಹ ಕೊಳೆಯುವುದಿಲ್ಲ

ಚರಂಡಿಯ ಕೊಳೆಯನ್ನು ಸೂಕ್ಷ್ಮಾಣುಗಳು ತಿಂದು ಮುಗಿಸುತ್ತವೆ. ಎಷ್ಟೋ ಕೀಟನಾಶಕಗಳು ಬಿಸಿಲಿಗೆ, ಮಣ್ಣಿಗೆ ಸಿಕ್ಕಿ ನಿಧಾನಕ್ಕೆ ಒಡೆಯುತ್ತವೆ. ಸೀಸಕ್ಕೆ ಆ ಅಂತ್ಯವಿಲ್ಲ. ಅದು ನೀರಿನಿಂದ ಹೂಳಿಗೆ, ಹೂಳಿನಿಂದ ಬೇರಿಗೆ, ಬೇರಿನಿಂದ ಸೊಪ್ಪಿಗೆ, ಸೊಪ್ಪಿನಿಂದ ನಮ್ಮ ಮೂಳೆಗೆ ಜಾಗ ಬದಲಿಸುತ್ತ ಹೋಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ. ಭಾರತೀಯ ಮಾನಕ ಬ್ಯೂರೊ 2012ರಲ್ಲಿ ಪರಿಷ್ಕರಿಸಿದ ಕುಡಿಯುವ ನೀರಿನ ಮಾನದಂಡದ ಪ್ರಕಾರ ಒಂದು ಲೀಟರಿನಲ್ಲಿ ಸೀಸ 0.01 ಮಿಲಿಗ್ರಾಂ ಮೀರಬಾರದು, ಕ್ಯಾಡ್ಮಿಯಂ 0.003 ಮಿಲಿಗ್ರಾಂ ಮೀರಬಾರದು. ನಾಲಿಗೆಗೂ ಕಣ್ಣಿಗೂ ಗೊತ್ತಾಗದ ಪ್ರಮಾಣವಿದು.

ಭತ್ತ ಬೆಳೆಯುವ ನಾಡಿನವರು ಮರೆಯಬಾರದ ಒಂದು ಕತೆ ಜಪಾನಿನದು. ತೊಯಾಮಾ ಪ್ರಾಂತದ ಜಿಂಜು ನದಿಯ ಮೇಲುಭಾಗದಲ್ಲಿ ಸತುವಿನ ಗಣಿಯಿತ್ತು. ಅದರ ತ್ಯಾಜ್ಯದಲ್ಲಿದ್ದ ಕ್ಯಾಡ್ಮಿಯಂ ನದಿಗೆ ಸೇರಿತು, ಅದೇ ನೀರು ಕಾಲುವೆಗಳಲ್ಲಿ ಹರಿದು ಗದ್ದೆಗೆ ಬಂತು, ಗದ್ದೆಯಿಂದ ಅನ್ನಕ್ಕೆ ಬಂತು. ವರ್ಷಗಟ್ಟಲೆ ಆ ಅನ್ನ ಉಂಡವರ, ಅದರಲ್ಲೂ ವಯಸ್ಸಾದ ಹೆಂಗಸರ ಮೂಳೆಗಳು ಮೆದುವಾಗಿ, ಕೆಮ್ಮಿದರೂ ಮುರಿಯುವ ಸ್ಥಿತಿಗೆ ಬಂದವು. ‘ಇತಾಯಿ ಇತಾಯಿ’ ಎಂದು ಕರೆದ ಆ ಕಾಯಿಲೆಗೆ ಮಾಲಿನ್ಯವೇ ಕಾರಣವೆಂದು ಜಪಾನ್ ಸರ್ಕಾರ ಒಪ್ಪಿದ್ದು 1968ರಲ್ಲಿ. ಅಷ್ಟರಲ್ಲಿ ಎರಡು ತಲೆಮಾರು ನರಳಿಯಾಗಿತ್ತು.

ನಮ್ಮ ರಾಜ್ಯದಲ್ಲೂ ಉದಾಹರಣೆಗಳಿಗೆ ಕೊರತೆಯಿಲ್ಲ. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಕೊಳವೆಬಾವಿಗಳಲ್ಲಿ ಕ್ರೋಮಿಯಂ ಸಿಕ್ಕಿ ದಶಕಗಳೇ ಕಳೆದವು. ಲೋಹದ ಸಾಮಾನಿಗೆ ಹೊಳಪಿನ ಲೇಪ ಕೊಡುವ ಘಟಕಗಳ ನೀರು ನೆಲಕ್ಕಿಳಿದು ಅಂತರ್ಜಲವನ್ನೇ ಕೆಡಿಸಿತು. ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದ ನೀರಿನಲ್ಲಿ ಆರ್ಸೆನಿಕ್ ಇರುವುದೂ, ಅಲ್ಲಿಯವರ ಚರ್ಮದ ಮೇಲೆ ಅದರ ಗುರುತು ಬಿದ್ದಿರುವುದೂ 2013ರ ಸಂಶೋಧನಾ ಪ್ರಬಂಧವೊಂದರಲ್ಲಿ ದಾಖಲಾಗಿದೆ. ಹತ್ತಿರದಲ್ಲೇ ಹಳೆಯ ಚಿನ್ನದ ಗಣಿಯಿದ್ದ ಊರು ಅದು. ಬಿಡದಿ ಬಳಿಯ ಬೈರಮಂಗಲ ಕೆರೆ ವೃಷಭಾವತಿಯ ಕೊಳಚೆಯನ್ನೆಲ್ಲ ನುಂಗಿ, ಅದೇ ನೀರನ್ನು ಕೆಳಗಿನ ಹೊಲಗಳಿಗೆ ಕೊಡುತ್ತ ಬಂದಿದೆ.

ಮಂಡ್ಯ ಜಿಲ್ಲೆ ಪೀಣ್ಯವಲ್ಲ, ಆಗುವುದೂ ಬೇಡ. ಆದರೂ ಶ್ರೀರಂಗಪಟ್ಟಣದ ಹತ್ತಿರ ಕಾವೇರಿಯ ದಡದಲ್ಲಿ ನಿಂತು ನೋಡಿದವರಿಗೆ ಊರಿನ ಚರಂಡಿ ನೀರು ಹೊಳೆಗೆ ಸೇರುವುದು ಕಾಣುತ್ತದೆ. ಗಣೇಶನ ಹಬ್ಬ ಮುಗಿದ ಮೇಲೆ ಬಣ್ಣದ ಮೂರ್ತಿಗಳು ಕೆರೆಯಲ್ಲೋ ನಾಲೆಯಲ್ಲೋ ಕರಗುತ್ತವೆ, ಬಣ್ಣದಲ್ಲಿ ಸೀಸ, ಕ್ರೋಮಿಯಂ ಇದ್ದರೆ ಅವೂ ಜೊತೆಗೆ ಇಳಿಯುತ್ತವೆ. ಗ್ಯಾರೇಜುಗಳ ಎಣ್ಣೆ, ಹಳೇ ಬ್ಯಾಟರಿ ಒಡೆಯುವ ಜಾಗಗಳ ತೊಳೆನೀರು ಕೂಡ ಮಳೆ ಬಂದಾಗ ತಗ್ಗು ಹುಡುಕಿಕೊಂಡು ಹರಿಯುತ್ತದೆ. ರೈತ ದುಡ್ಡು ಕೊಟ್ಟು ತರುವ ರಂಜಕದ ಗೊಬ್ಬರದಲ್ಲೂ ಒಂದಿಷ್ಟು ಕ್ಯಾಡ್ಮಿಯಂ ಇರುತ್ತದೆ. ಆ ಗೊಬ್ಬರಕ್ಕೆ ಬಳಸುವ ಶಿಲೆಯಲ್ಲೇ ಅದು ಹುಟ್ಟಿನಿಂದ ಬೆರೆತಿರುತ್ತದೆ. ಒಂದು ವರ್ಷಕ್ಕೆ ಅದು ಲೆಕ್ಕಕ್ಕೆ ಬರುವಷ್ಟಲ್ಲ. ಆದರೆ ನಾಲೆ ನೀರಿನಲ್ಲಿ ವರ್ಷಕ್ಕೆ ಎರಡು ಬೆಳೆ ತೆಗೆದು, ಎರಡಕ್ಕೂ ಗೊಬ್ಬರ ಸುರಿಯುತ್ತ ತಲೆಮಾರುಗಳೇ ಕಳೆದಿರುವ ಮಣ್ಣಿನಲ್ಲಿ ಅದನ್ನು ಅಳೆದು ನೋಡುವುದು ಒಳ್ಳೆಯದು.

ಹೊಟ್ಟಿನೊಳಗೆ ಏನಿದೆ

ಅಕ್ಕಿ ಗಿರಣಿಯ ಹಿಂದೆ ಬಿದ್ದಿರುವ ಕರಿ ರಾಶಿಯಿಂದ ಒಂದು ಹಿಡಿ ತೆಗೆದುಕೊಂಡು ನೋಡಿ. ಸುಟ್ಟರೂ ಭತ್ತದ ಹೊಟ್ಟಿನ ಆಕಾರ ಹಾಗೇ ಉಳಿದಿರುತ್ತದೆ. ಎರಡು ತುದಿ ಚೂಪು, ನಡುವೆ ತಗ್ಗು, ಮೈಮೇಲಿನ ಉದ್ದುದ್ದ ಗೆರೆಗಳು ಕೂಡ ಅಳಿಸಿರುವುದಿಲ್ಲ. ನೀರಿಗೆ ಹಾಕಿದರೆ ತೇಲುತ್ತದೆ, ಮುಳುಗಲು ಬಹಳ ಹೊತ್ತು ಬೇಕು. ಎರಡು ಬೆರಳ ನಡುವೆ ಉಜ್ಜಿದರೆ ಸೌದೆಯ ಇದ್ದಿಲಿನ ನುಣುಪಿಲ್ಲ, ಸಣ್ಣ ಮರಳಿನ ಗರಗರ ಕೈಗೆ ಸಿಗುತ್ತದೆ. ಆ ಗರಗರವೇ ಸಿಲಿಕಾ. ಹೊಟ್ಟಿನ ತೂಕದಲ್ಲಿ ಸುಮಾರು ಐದನೇ ಒಂದು ಪಾಲು ಬೂದಿ, ಆ ಬೂದಿಯಲ್ಲಿ ನೂರಕ್ಕೆ ತೊಂಬತ್ತರಷ್ಟು ಸಿಲಿಕಾ. ಇದ್ದಿಲಿನ ರಂಧ್ರಗಳಲ್ಲಿ ಈ ಸಿಲಿಕಾ ಕೂತುಬಿಟ್ಟರೆ ನೀರು ಒಳಗೆ ಹೋಗಲು ದಾರಿಯೇ ಇಲ್ಲ.

ಇದ್ದಿಲಿನ ಬೆಲೆ ಇರುವುದು ಅದರ ಒಳಮೈಯಲ್ಲಿ. ಚೆನ್ನಾಗಿ ಹದ ಮಾಡಿದ ಒಂದು ಗ್ರಾಂ ಇದ್ದಿಲಿನ ರಂಧ್ರಗಳ ಒಳಗೋಡೆಯನ್ನೆಲ್ಲ ಬಿಡಿಸಿ ಹಾಸಿದರೆ ಸಾವಿರ ಚದರ ಮೀಟರ್, ಅಂದರೆ ಸುಮಾರು ಹತ್ತು ಗುಂಟೆ ಆದೀತು. ಮಾರುಕಟ್ಟೆಯಲ್ಲಿ ಆಕ್ಟಿವೇಟೆಡ್ ಕಾರ್ಬನ್ ಎಂದು ಸಿಗುವ, ತೆಂಗಿನ ಚಿಪ್ಪಿನಿಂದ ಮಾಡುವ ಇದ್ದಿಲು ಇಂಥದ್ದು. ಮನೆಯ ನೀರಿನ ಫಿಲ್ಟರಿನೊಳಗೆ ಇರುವುದೂ ಅದೇ. ಆದರೆ ಲೋಹ ಹಿಡಿಯಲು ಬರೀ ವಿಸ್ತಾರ ಸಾಲದು. ಬಣ್ಣ, ವಾಸನೆ ಇವನ್ನೆಲ್ಲ ರಂಧ್ರಗಳೇ ಹಿಡಿದುಕೊಳ್ಳುತ್ತವೆ. ಸೀಸ, ಕ್ಯಾಡ್ಮಿಯಂ ನೀರಿನಲ್ಲಿ ಧನ ವಿದ್ಯುದಂಶ ಹೊತ್ತು ಓಡಾಡುವ ಕಣಗಳು. ಅವನ್ನು ಎಳೆದು ನಿಲ್ಲಿಸಲು ಇದ್ದಿಲಿನ ಮೈಮೇಲೆ ಆಮ್ಲಜನಕ ಸೇರಿದ ಗುಂಪುಗಳು ಬೇಕು, ಇಲ್ಲವೇ ಲೋಹದೊಂದಿಗೆ ಸೇರಿ ಗಟ್ಟಿಯಾಗುವ ಕಾರ್ಬೊನೇಟ್, ಫಾಸ್ಫೇಟ್‌ನಂಥ ಲವಣಗಳು ಬೇಕು.

ಉರಿಯ ಹದವೂ ಇಲ್ಲಿ ಮುಖ್ಯ. ಮುನ್ನೂರು ಮುನ್ನೂರೈವತ್ತು ಡಿಗ್ರಿಯ ತಣ್ಣನೆ ಉರಿಯಲ್ಲಿ ಮಾಡಿದ ಇದ್ದಿಲಿನ ಮೈಮೇಲೆ ಆಮ್ಲಜನಕದ ಗುಂಪುಗಳು ಹೆಚ್ಚು, ರಂಧ್ರ ಕಡಿಮೆ. ಆರುನೂರು ದಾಟಿದರೆ ರಂಧ್ರಗಳು ತೆರೆದುಕೊಳ್ಳುತ್ತವೆ, ಬೂದಿಯ ಕ್ಷಾರ ಏರುತ್ತದೆ, ಆ ಗುಂಪುಗಳು ಮಾತ್ರ ಸುಟ್ಟುಹೋಗುತ್ತವೆ. ಎರಡೂ ಒಟ್ಟಿಗೆ ಸಿಗುವುದಿಲ್ಲ. ಅದಕ್ಕೇ ವಿಜ್ಞಾನಿಗಳು ಸುಡುವ ಮುಂಚೆ ಅಥವಾ ಸುಟ್ಟ ಮೇಲೆ ಇದ್ದಿಲಿಗೆ ಉಪಚಾರ ಮಾಡುವ ದಾರಿ ಹಿಡಿದದ್ದು.

ಒಂದೊಂದು ಲೋಹಕ್ಕೆ ಒಂದೊಂದು ಉಪಚಾರ

ಕ್ಷಾರದ ಉಪಚಾರ ಭತ್ತದ ಹೊಟ್ಟಿಗೆ ಚೆನ್ನಾಗಿ ಒಗ್ಗುತ್ತದೆ. ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಕಾಯಿಸಿದರೆ ಸಿಲಿಕಾ ಕರಗಿ ಹೊರಬರುತ್ತದೆ, ಮುಚ್ಚಿದ ರಂಧ್ರಗಳು ತೆರೆದುಕೊಳ್ಳುತ್ತವೆ. ಹೀಗೆ ಹೊರಬಂದ ಸಿಲಿಕಾ ಕೂಡ ಕಸವಲ್ಲ. ಹೊಟ್ಟಿನ ಬೂದಿಯಿಂದ ಕೈಗಾರಿಕೆಗೆ ಬೇಕಾದ ಸಿಲಿಕಾ ಪುಡಿ ತೆಗೆಯುವ ತಂತ್ರವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೇ ರೂಪಿಸಿದೆ. ವಿಜ್ಞಾನಿ ಅಮೂಲ್ಯ ರೆಡ್ಡಿ 1974ರಲ್ಲಿ ಅಲ್ಲಿ ಕಟ್ಟಿದ ‘ಅಸ್ತ್ರ’ ಹಳ್ಳಿಯ ಒಲೆ, ಹಳ್ಳಿಯ ಇಂಧನಗಳ ಬಗ್ಗೆ ತಲೆ ಕೆಡಿಸಿಕೊಂಡ ಕೇಂದ್ರ. ಕುಣಿಗಲ್ ಕಡೆಯ ಹೊಸಹಳ್ಳಿಯಲ್ಲಿ ಸೌದೆಯ ಅನಿಲದಿಂದ ದೀಪ ಹೊತ್ತಿಸಿ ನೀರೆತ್ತಿದ ಪ್ರಯೋಗ 1988ರದು. ನಾಗಮಂಗಲದವರಿಗೆ ಅದು ನೆರೆಯ ತಾಲ್ಲೂಕಿನ ಸಂಗತಿ. ಅಂದರೆ ಈ ವಿದ್ಯೆ ಎಲ್ಲೋ ಹೊರಗಿನಿಂದ ಬರಬೇಕಾದದ್ದಲ್ಲ.

ಎರಡನೆಯದು ಹೈಡ್ರೋಜನ್ ಪೆರಾಕ್ಸೈಡ್. ಕೆಲಸ ಮುಗಿದ ಮೇಲೆ ಅದು ನೀರು ಮತ್ತು ಆಮ್ಲಜನಕವಾಗಿ ಒಡೆದುಹೋಗುವುದರಿಂದ ಹಿಂದೆ ವಿಷ ಉಳಿಯುವುದಿಲ್ಲ. ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದ ಬಿನ್ ಗಾವೊ ಅವರ ತಂಡ ಕಡಲೆಕಾಯಿ ಸಿಪ್ಪೆಯನ್ನು ಒತ್ತಡದ ಬಿಸಿನೀರಿನಲ್ಲಿ ಬೇಯಿಸಿ ಇದ್ದಿಲಾಗಿಸಿತು. ಆ ಇದ್ದಿಲು ಗ್ರಾಂ ಒಂದಕ್ಕೆ ಹಿಡಿದ ಸೀಸ 0.88 ಮಿಲಿಗ್ರಾಂ ಮಾತ್ರ. ಅದನ್ನೇ ಪೆರಾಕ್ಸೈಡ್‌ನಲ್ಲಿ ನೆನೆಸಿ ತೊಳೆದ ಮೇಲೆ ಹಿಡಿದದ್ದು 22.82 ಮಿಲಿಗ್ರಾಂ. 2012ರಲ್ಲಿ ಪ್ರಕಟವಾದ ಫಲಿತಾಂಶವಿದು. ಸಿಪ್ಪೆ ಅದೇ, ಬದಲಾದದ್ದು ಮೇಲ್ಮೈ ಮಾತ್ರ. 2015ರಲ್ಲಿ ಇನ್ನೊಂದು ಪ್ರಯೋಗ ಬಂತು. ಹಳ್ಳಿಗಳಲ್ಲಿ ಬಾವಿ ನೀರಿಗೆ ಹಾಕುತ್ತಿದ್ದ ನೇರಳೆ ಬಣ್ಣದ ಪೊಟ್ಯಾಸಿಯಂ ಪರ್ಮಾಂಗನೇಟ್ ನೆನಪಿದೆಯಲ್ಲ, ಅದರ ದ್ರಾವಣದಲ್ಲಿ ಮರದ ಚೂರುಗಳನ್ನು ನೆನೆಸಿ ಆಮೇಲೆ ಸುಟ್ಟರು. ಇದ್ದಿಲಿನ ಮೈತುಂಬ ಮ್ಯಾಂಗನೀಸ್ ಆಕ್ಸೈಡಿನ ಸಣ್ಣ ಕಣಗಳು ಕೂತವು. ಆ ಇದ್ದಿಲು ಗ್ರಾಂ ಒಂದಕ್ಕೆ 153.1 ಮಿಲಿಗ್ರಾಂ ಸೀಸ, 34.2 ಮಿಲಿಗ್ರಾಂ ತಾಮ್ರ, 28.1 ಮಿಲಿಗ್ರಾಂ ಕ್ಯಾಡ್ಮಿಯಂ ಹಿಡಿಯಿತು.

ಆರ್ಸೆನಿಕ್‌ನ ವಿಷಯ ಬೇರೆ. ನೀರಿನಲ್ಲಿ ಅದು ಬಹುಪಾಲು ಋಣ ವಿದ್ಯುದಂಶದ ರೂಪದಲ್ಲಿರುತ್ತದೆ. ಇದ್ದಿಲಿನ ಮೈಯೂ ಋಣವೇ, ಹಾಗಾಗಿ ಎರಡೂ ಒಂದನ್ನೊಂದು ದೂರ ತಳ್ಳುತ್ತವೆ. ಇಲ್ಲಿ ಕಬ್ಬಿಣದ ಲವಣದಲ್ಲಿ ನೆನೆಸಿದ ಇದ್ದಿಲೇ ಆಗಬೇಕು. ಕಬ್ಬಿಣದ ಆಕ್ಸೈಡ್ ಆರ್ಸೆನಿಕ್ ಅನ್ನು ಬಿಗಿಯಾಗಿ ಕಟ್ಟಿಕೊಳ್ಳುತ್ತದೆ, ಜೊತೆಗೆ ಆ ಪುಡಿಯನ್ನು ಅಯಸ್ಕಾಂತ ಹಿಡಿದು ನೀರಿನಿಂದ ಹೊರಗೆಳೆಯಲೂ ಬರುವಂತೆ ಮಾಡಬಹುದು. ಪೀಣ್ಯದ ಕ್ರೋಮಿಯಂಗೆ ಮತ್ತೊಂದು ಬಗೆ. ನೀರು ಹುಳಿಯಾಗಿದ್ದರೆ ಇದ್ದಿಲು ತನ್ನ ಎಲೆಕ್ಟ್ರಾನ್ ಕೊಟ್ಟು, ವಿಷಕಾರಿಯಾದ ಆರು ವೇಲೆನ್ಸಿಯ ಕ್ರೋಮಿಯಂ ಅನ್ನು ಅಷ್ಟೇನೂ ಅಪಾಯವಿಲ್ಲದ ಮೂರು ವೇಲೆನ್ಸಿಗೆ ಇಳಿಸಿ ಹಿಡಿದಿಡುತ್ತದೆ. ಕ್ಯಾಡ್ಮಿಯಂಗೆ ಬೇಕಾದ ಕ್ಷಾರಗುಣವೇ ಕ್ರೋಮಿಯಂಗೆ ಅಡ್ಡಿ.

ಗದ್ದೆಗೆ ಇದ್ದಿಲು ಎರಚುವವರು ಗಮನಿಸಬೇಕಾದದ್ದು ಇದನ್ನೇ. ಇದ್ದಿಲು ಮಣ್ಣಿನ ಹುಳಿ ತೆಗೆದು ಕ್ಯಾಡ್ಮಿಯಂ ಬೇರಿಗೆ ಸಿಗದಂತೆ ಮಾಡಬಹುದು, ಸರಿ. ಆದರೆ ನೀರು ನಿಂತ ಭತ್ತದ ಗದ್ದೆಯಲ್ಲಿ ಆರ್ಸೆನಿಕ್ ಇದ್ದರೆ ಅದೇ ಕ್ಷಾರ, ಅದೇ ಇಂಗಾಲ ಸೇರಿ ಆರ್ಸೆನಿಕ್ ಅನ್ನು ಮಣ್ಣಿನಿಂದ ಬಿಡಿಸಿ ನೀರಿಗೆ ತರಬಹುದು. ಒಂದನ್ನು ಕಟ್ಟಿಹಾಕಲು ಹೋಗಿ ಇನ್ನೊಂದನ್ನು ಬಿಚ್ಚಿದಂತಾಯಿತು. ಪರೀಕ್ಷೆ ಮಾಡಿಸದೆ ಹಾಕಬೇಡಿ ಅನ್ನುವುದು ಇದಕ್ಕೇ.

ಕಬ್ಬಿನ ನಾಡಿಗೆ ಸಿಕ್ಕ ಸುಳಿವು

ಈ ವಿಷಯ ಓದುತ್ತ ಹೋದಂತೆ ಮಂಡ್ಯದವನಾಗಿ ನನ್ನ ಕಣ್ಣು ನಿಂತದ್ದು 2011ರ ಒಂದು ಪ್ರಯೋಗದ ಮೇಲೆ. ಅದೂ ಫ್ಲಾರಿಡಾದ ತಂಡದ್ದೇ. ಅವರು ತೆಗೆದುಕೊಂಡದ್ದು ಕಬ್ಬಿನ ಸಿಪ್ಪೆ. ಒಂದು ಪಾಲನ್ನು ಹಾಗೇ ಸುಟ್ಟು ಇದ್ದಿಲು ಮಾಡಿದರು. ಇನ್ನೊಂದು ಪಾಲನ್ನು ಮೊದಲು ಗಾಳಿಯಿಲ್ಲದ ತೊಟ್ಟಿಯಲ್ಲಿ ಕೊಳೆಸಿ, ಅಂದರೆ ನಮ್ಮ ಗೋಬರ್ ಗ್ಯಾಸ್ ಗುಂಡಿಯಲ್ಲಿ ಆಗುವ ಕೆಲಸವನ್ನೇ ಮಾಡಿ, ಅನಿಲ ತೆಗೆದುಕೊಂಡು, ಉಳಿದ ಗಸಿಯನ್ನು ಒಣಗಿಸಿ ಸುಟ್ಟರು. ಹಾಗೇ ಸುಟ್ಟ ಸಿಪ್ಪೆಯ ಇದ್ದಿಲು ಕಿಲೋ ಒಂದಕ್ಕೆ ಆರೂವರೆ ಗ್ರಾಂ ಸೀಸ ಹಿಡಿದರೆ, ಕೊಳೆಸಿ ಸುಟ್ಟದ್ದು ಸುಮಾರು 135 ಗ್ರಾಂ ಹಿಡಿಯಿತು. ಇಪ್ಪತ್ತು ಪಟ್ಟು ಹೆಚ್ಚು. ಹೋಲಿಕೆಗೆಂದು ಇಟ್ಟುಕೊಂಡಿದ್ದ ಆಕ್ಟಿವೇಟೆಡ್ ಕಾರ್ಬನ್ ಹಿಡಿದದ್ದು ಸುಮಾರು 82 ಗ್ರಾಂ. ಸೀಸವು ಇದ್ದಿಲಿನ ಮೇಲ್ಮೈಯಲ್ಲಿ ಲವಣವಾಗಿ ಗಟ್ಟಿಗೊಂಡು ಕೂತದ್ದೇ ಈ ವ್ಯತ್ಯಾಸಕ್ಕೆ ಕಾರಣ. ಆಮ್ಲವಿಲ್ಲ, ಕಾಸ್ಟಿಕ್ ಸೋಡಾ ಇಲ್ಲ, ಖರ್ಚಿನ ರಾಸಾಯನಿಕ ಯಾವುದೂ ಇಲ್ಲ. ಉಪಚಾರ ಮಾಡಿದವು ತೊಟ್ಟಿಯೊಳಗಿನ ಸೂಕ್ಷ್ಮಾಣುಗಳು, ಅದೂ ಅಡುಗೆಗೆ ಅನಿಲ ಕೊಟ್ಟು.

ಇದಕ್ಕೂ ಎರಡು ವರ್ಷ ಮೊದಲು, 2009ರಲ್ಲಿ, ಅದೇ ವಿಶ್ವವಿದ್ಯಾಲಯದಲ್ಲಿ ಹಸುವಿನ ಸಗಣಿಯನ್ನೇ ಕಡಿಮೆ ಉರಿಯಲ್ಲಿ ಕರಿಯಾಗಿಸಿ ನೋಡಿದ್ದರು. ಸಗಣಿಯಲ್ಲಿರುವ ಫಾಸ್ಫೇಟ್ ಸೀಸದೊಂದಿಗೆ ಸೇರಿ ಕರಗದ ಗಟ್ಟಿ ಲವಣವಾಯಿತು. ಅದು ಮಾರುಕಟ್ಟೆಯ ಆಕ್ಟಿವೇಟೆಡ್ ಕಾರ್ಬನ್‌ಗಿಂತ ಆರು ಪಟ್ಟು ಸೀಸ ಹಿಡಿಯಿತು.

ಪಾಂಡವಪುರ, ಕೆ.ಆರ್. ಪೇಟೆ, ಶ್ರೀರಂಗಪಟ್ಟಣದ ಹಳ್ಳಿಗಳಲ್ಲಿ ಕಬ್ಬಿದೆ, ಸಗಣಿಯಿದೆ, ಎಷ್ಟೋ ಹಿತ್ತಲುಗಳಲ್ಲಿ ಬಳಸದೆ ಬಿಟ್ಟ ಗೋಬರ್ ಗ್ಯಾಸ್ ತೊಟ್ಟಿಗಳಿವೆ. ಹಾಗೆಂದು ಕಬ್ಬಿನ ಸಿಪ್ಪೆ ಬಿಟ್ಟಿ ಸಿಗುತ್ತದೆ ಎಂದುಕೊಳ್ಳಬಾರದು. ಸಕ್ಕರೆ ಕಾರ್ಖಾನೆಗಳು ಅದನ್ನು ಬಾಯ್ಲರಿಗೆ ಹಾಕಿ ಉಗಿ ಮಾಡುತ್ತವೆ, ವಿದ್ಯುತ್ ಮಾಡುತ್ತವೆ. ಆಲೆಮನೆಯಲ್ಲಂತೂ ಕೊಪ್ಪರಿಗೆ ಕಾಯುವುದೇ ಅದರಿಂದ. ಗಾಣದಿಂದ ಬಂದ ಹಸಿ ಸಿಪ್ಪೆಯನ್ನು ಬಿಸಿಲಿಗೆ ಹರಡಿ, ಒಣಗಿದ್ದನ್ನು ಕಟ್ಟು ಕಟ್ಟಿ ಒಲೆಯ ಬಾಯಿಗೆ ನೂಕುತ್ತಲೇ ಇರಬೇಕು, ಒಂದು ಗಳಿಗೆ ತಪ್ಪಿದರೂ ಪಾಕದ ಹದ ಕೆಡುತ್ತದೆ. ಸಿಪ್ಪೆ ಸಾಲದ ಕೆಲವು ಕಡೆ ಹಳೇ ಟೈರು, ಪ್ಲಾಸ್ಟಿಕ್ ಸುಡುತ್ತಾರೆಂಬ ದೂರು ಜಿಲ್ಲೆಯಲ್ಲಿ ಬಹಳ ದಿನದಿಂದ ಇದೆ. ಅಂಥ ಒಲೆಯ ಕರಿ ಲೋಹ ತೆಗೆಯಲು ಬಾರದು, ಟೈರಿನ ಸತು ಅದರಲ್ಲೇ ತುಂಬಿರುತ್ತದೆ.

ನಿಜವಾಗಿ ಮಿಗುವುದು ಗದ್ದೆಯಲ್ಲಿ ಸುಟ್ಟುಹೋಗುವ ತರಗು. ಅದನ್ನು ಕತ್ತರಿಸಿ, ಸಗಣಿಯ ಜೊತೆ ತೊಟ್ಟಿಗೆ ಹಾಕಿ, ಗಸಿಯನ್ನು ಒಣಗಿಸಿ ಕರಿ ಮಾಡಿದರೆ ಕಬ್ಬಿನ ಸಿಪ್ಪೆಯಷ್ಟೇ ಕೆಲಸ ಮಾಡುತ್ತದೆಯೆ? ಒಣ ತರಗು ಕೊಳೆಯಲು ಹೆಚ್ಚು ದಿನ ಬೇಕು, ಅದರ ಬೂದಿಯ ಗುಣವೂ ಬೇರೆ. ಇಲ್ಲಿಯ ತರಗು, ಇಲ್ಲಿಯ ಸಗಣಿ, ಇಲ್ಲಿಯ ನೀರು ಹಿಡಿದು ಮಾಡಿ ನೋಡಬೇಕಾದ ಕೆಲಸ. ಮಾಡಲು ಜಾಗವೂ ಇದೆ. ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕ ಲೆಸ್ಲಿ ಕೋಲ್ಮನ್ ಕಾಲದಿಂದ ನಾಲೆ ಬಯಲಿನ ಭತ್ತ, ಕಬ್ಬುಗಳ ಮೇಲೆ ಕೆಲಸ ಮಾಡುತ್ತ ಬಂದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂ ಅರಕೆರೆಯಿಂದ ದೂರವಿಲ್ಲ. ಹೊಸ ಕಬ್ಬಿನ ತಳಿ ಕೊಟ್ಟ ಆ ಸಂಸ್ಥೆ ಕಬ್ಬಿನ ತರಗಿಗೂ ಒಂದು ದಾರಿ ತೋರಿಸಲಿ ಎಂದು ಕೇಳುವ ಹಕ್ಕು ರೈತರಿಗಿದೆ.

ಪ್ರಯೋಗಾಲಯದ ಲೆಕ್ಕ, ಚರಂಡಿಯ ಲೆಕ್ಕ

ಒಂದು ಸಣ್ಣ ಲೆಕ್ಕ ಹಾಕೋಣ. ಒಂದು ಚರಂಡಿಯಲ್ಲಿ ದಿನಕ್ಕೆ ಒಂದು ಲಕ್ಷ ಲೀಟರ್ ನೀರು ಹರಿಯುತ್ತದೆ, ಲೀಟರಿಗೆ 0.05 ಮಿಲಿಗ್ರಾಂ ಸೀಸ ಇದೆ ಎಂದುಕೊಳ್ಳಿ. ಕುಡಿಯುವ ನೀರಿನ ಮಿತಿಯ ಐದು ಪಟ್ಟು ಅದು. ದಿನಕ್ಕೆ ಹರಿದುಹೋಗುವ ಒಟ್ಟು ಸೀಸ ಐದು ಗ್ರಾಂ. ಗ್ರಾಂಗೆ 0.88 ಮಿಲಿಗ್ರಾಂ ಹಿಡಿಯುವ ಇದ್ದಿಲಾದರೆ ದಿನಕ್ಕೆ ಐದೂಮುಕ್ಕಾಲು ಕಿಲೋ ಬೇಕು. 22.82 ಮಿಲಿಗ್ರಾಂ ಹಿಡಿಯುವ ಇದ್ದಿಲಾದರೆ ಕಾಲು ಕಿಲೋ ಒಳಗೇ ಆಯಿತು. ಕಾಗದದ ಮೇಲೆ ಎಷ್ಟು ಚೆಂದ!

ಆದರೆ ಪ್ರಯೋಗಾಲಯದ ಸಂಖ್ಯೆಗಳು ಬರುವುದು ಶುದ್ಧ ನೀರಿಗೆ ಸೀಸ ಒಂದನ್ನೇ, ಅದೂ ಧಾರಾಳವಾಗಿ, ಬೆರೆಸಿ ಗಂಟೆಗಟ್ಟಲೆ ಕುಲುಕಿದಾಗ. ಚರಂಡಿ ನೀರಿನಲ್ಲಿ ಸೀಸಕ್ಕಿಂತ ಸಾವಿರಾರು ಪಟ್ಟು ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಪು, ಜಿಡ್ಡು ಇರುತ್ತವೆ. ಮೈಸೂರಿನಲ್ಲೇ ತುಂಬಿದ ಬಸ್ಸು ಶ್ರೀರಂಗಪಟ್ಟಣಕ್ಕೆ ಬಂದಾಗ ಹತ್ತುವವರಿಗೆ ಸೀಟು ಸಿಗದ ಹಾಗೆ, ಇದ್ದಿಲಿನ ಜಾಗವನ್ನೆಲ್ಲ ಇವೇ ಹಿಡಿದಿದ್ದರೆ ಸೀಸಕ್ಕೆ ನಿಲ್ಲಲು ಎಡೆಯಿಲ್ಲ. ನೀರು ನಿಲ್ಲದೆ ಹರಿದರೆ ಇದ್ದಿಲಿನ ಜೊತೆ ಅದು ಇರುವ ಹೊತ್ತೂ ಕಡಿಮೆ. ಲೋಹ ಕಡಿಮೆ ಇರುವ ನೀರಿನಲ್ಲಿ ಇದ್ದಿಲು ತನ್ನ ಪೂರ್ತಿ ಶಕ್ತಿ ತೋರುವುದೂ ಇಲ್ಲ. ಹಾಗಾಗಿ ಕಾಲು ಕಿಲೋ ಎಂಬುದು ಎರಡೂವರೆ ಕಿಲೋ ಆಗಬಹುದು, ಇನ್ನೂ ಹೆಚ್ಚೂ ಆಗಬಹುದು. ಮೊದಲು ಮರಳು ಜಲ್ಲಿಯಲ್ಲಿ ಸೋಸಿ ಜಿಡ್ಡು ತೆಗೆದು, ಆಮೇಲೆ ಇದ್ದಿಲಿನ ತೊಟ್ಟಿಗೆ ಬಿಡುವುದು ಅನಿವಾರ್ಯ. ಅಷ್ಟಾದರೂ ಇದು ಹಳ್ಳಿಯ ಕೈಗೆಟುಕದ ಕೆಲಸವಲ್ಲ.

ಕುಡಿಯುವ ನೀರಿಗೆ ಮಾತ್ರ ಮನೆಯಲ್ಲಿ ಮಾಡಿದ ಇದ್ದಿಲನ್ನು ನಂಬಬೇಡಿ. ಮರಳು, ಇದ್ದಿಲು, ಜಲ್ಲಿ ಹಾಕಿದ ಮೂರು ಮಡಕೆಯ ಸೋಸುವ ವಿಧಾನ ಶಾಲೆಯಲ್ಲಿ ಓದಿದ್ದು ನಿಜ, ಅದು ಕೆಸರು ವಾಸನೆ ತೆಗೆಯುತ್ತದೆ. ಟಾಟಾ ಸಂಸ್ಥೆ 2009ರಲ್ಲಿ ಮಾರುಕಟ್ಟೆಗೆ ತಂದ ‘ಸ್ವಚ್ಛ್’ ಫಿಲ್ಟರಿನಲ್ಲಿ ಭತ್ತದ ಹೊಟ್ಟಿನ ಬೂದಿಯೇ ಇತ್ತು, ಆದರೆ ಅದು ರೋಗಾಣುಗಳನ್ನು ಕೊಲ್ಲಲು ಬೆಳ್ಳಿಯ ಸೂಕ್ಷ್ಮ ಕಣ ಸೇರಿಸಿ ಮಾಡಿದ್ದು. ಲೋಹದ ವಿಷಯದಲ್ಲಿ ಪರೀಕ್ಷೆಯಿಲ್ಲದ ಫಿಲ್ಟರ್ ಸುಳ್ಳು ಧೈರ್ಯ ಕೊಡುತ್ತದೆ. ಆಮ್ಲ, ಕಾಸ್ಟಿಕ್ ಸೋಡಾಗಳ ಉಪಚಾರವೂ ಹಿತ್ತಲಲ್ಲಿ ಮಾಡುವಂಥದ್ದಲ್ಲ. ಕೈ ಕಣ್ಣು ಸುಡುತ್ತದೆ, ತೊಳೆದ ನೀರು ಮತ್ತೆ ಅದೇ ಚರಂಡಿಗೆ ಹೋಗುತ್ತದೆ.

ಸೀಸ ಹೀರಿದ ಇದ್ದಿಲನ್ನು ಏನು ಮಾಡಬೇಕು? ಬಯೋಚಾರ್ ಹೊಗಳುವವರಲ್ಲಿ ಬಹಳ ಮಂದಿ ಇದಕ್ಕೆ ಉತ್ತರ ಹೇಳುವುದೇ ಇಲ್ಲ. ಇದ್ದಿಲು ಸೀಸವನ್ನು ನಾಶ ಮಾಡಿಲ್ಲ, ಒಂದು ಕಡೆ ಕೂಡಿಹಾಕಿದೆ ಅಷ್ಟೆ. ಅದನ್ನು ಗದ್ದೆಗೆ ಎರಚಿದರೆ ಹೊಳೆಯಿಂದ ತೆಗೆದದ್ದನ್ನು ಅನ್ನಕ್ಕೆ ಹಾಕಿದ ಹಾಗೆ. ಒಲೆಗೆ ಹಾಕಿದರೆ ಹೊಗೆಯಲ್ಲಿ, ಬೂದಿಯಲ್ಲಿ ಹೊರಬರುತ್ತದೆ. ದುರ್ಬಲ ಆಮ್ಲದಲ್ಲಿ ತೊಳೆದು ಲೋಹ ಬಿಡಿಸಿ ಇದ್ದಿಲನ್ನು ಮತ್ತೆ ಬಳಸಬಹುದು, ಆಗ ಆ ಆಮ್ಲವನ್ನು ಸಂಭಾಳಿಸಬೇಕು. ಲೋಹ ತುಂಬಿದ ಇದ್ದಿಲು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಡಿ ಬರುವಷ್ಟು ವಿಷವಾಗಿದೆಯೆ ಎಂದು ಪರೀಕ್ಷಿಸಿ, ಹಾಗಿದ್ದರೆ ಡಾಬಸ್‌ಪೇಟೆಯಲ್ಲಿರುವಂಥ ಅಪಾಯಕಾರಿ ತ್ಯಾಜ್ಯ ವಿಲೇವಾರಿ ಕೇಂದ್ರಕ್ಕೆ ಕಳಿಸಬೇಕು. ಈ ಕೊನೆಯ ಹೆಜ್ಜೆಗೆ ದುಡ್ಡು, ಹೊಣೆ ಎರಡನ್ನೂ ಮೊದಲೇ ಗೊತ್ತುಮಾಡದ ಯೋಜನೆಯನ್ನು ಯಾವ ಗ್ರಾಮ ಪಂಚಾಯಿತಿಯೂ ಒಪ್ಪಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಹಾಗೆಯೇ, ಇದ್ದಿಲಿನ ಭರವಸೆಯಲ್ಲಿ ಮೂಲವನ್ನು ಬಿಡುವಂತಿಲ್ಲ. ಬೆಂಗಳೂರಿನ ಕೊಳಚೆಯನ್ನು ಎರಡು ಹಂತ ಶುದ್ಧ ಮಾಡಿ ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆ 2018ರಲ್ಲಿ ಶುರುವಾಯಿತು. ಮೂರನೇ ಹಂತದ ಶುದ್ಧೀಕರಣವೂ ಬೇಕೆಂದು ಅಲ್ಲಿಯ ಜನ ಕೋರ್ಟಿನ ಮೆಟ್ಟಿಲು ಹತ್ತಿದ್ದು ನೆನಪಿರಬೇಕು. ಲೇಪದ ಘಟಕವಾಗಲಿ, ಬ್ಯಾಟರಿ ಅಂಗಡಿಯಾಗಲಿ, ತನ್ನ ಲೋಹವನ್ನು ತನ್ನ ಬಾಗಿಲಲ್ಲೇ ತಡೆಯುವುದು ಎಲ್ಲಕ್ಕಿಂತ ಅಗ್ಗ. ಅಲ್ಲಿ ನೀರು ಕಡಿಮೆ, ಲೋಹ ಹೆಚ್ಚು. ಹದ ಮಾಡಿದ ಇದ್ದಿಲು ಚೆನ್ನಾಗಿ ಕೆಲಸ ಮಾಡುವುದೂ ಅಲ್ಲೇ, ಹೊಳೆಗೆ ಸೇರಿ ತೆಳುವಾದ ಮೇಲಲ್ಲ.

ಈಗ ಮಾಡಬೇಕಾದ ಮೊದಲ ಕೆಲಸ ಅಳೆಯುವುದು. 2015ರಿಂದ ರೈತರಿಗೆ ಕೊಡುತ್ತಿರುವ ಮಣ್ಣು ಆರೋಗ್ಯ ಚೀಟಿಯಲ್ಲಿ ಹನ್ನೆರಡು ಅಂಶಗಳಿವೆ. ಸಾರಜನಕ, ರಂಜಕ, ಪೊಟ್ಯಾಷ್‌ನಿಂದ ಹಿಡಿದು ಸತು, ಕಬ್ಬಿಣ, ತಾಮ್ರ, ಬೋರಾನ್‌ವರೆಗೆ. ಸೀಸ, ಕ್ಯಾಡ್ಮಿಯಂ ಅದರಲ್ಲಿಲ್ಲ. ಸತು, ತಾಮ್ರ ಅಳೆಯುವ ಅದೇ ಬಗೆಯ ಯಂತ್ರದಲ್ಲಿ, ಬೇರೆ ದೀಪ ಹಾಕಿ, ಈ ಎರಡನ್ನೂ ಅಳೆಯಬಹುದು. ಜಿಲ್ಲೆಯ ಎಲ್ಲ ಗದ್ದೆಗೂ ಬೇಡ. ಪಟ್ಟಣಗಳ ಚರಂಡಿ ನೀರು ಹಾಯುವ ಗದ್ದೆಗಳು, ಮೂರ್ತಿ ವಿಸರ್ಜನೆ ನಡೆಯುವ ಕೆರೆಗಳ ಕೆಳಗಿನ ಅಚ್ಚುಕಟ್ಟು, ಇಷ್ಟಕ್ಕೆ ಮಾಡಿದರೂ ಸಾಕು. ಕೃಷಿ ಇಲಾಖೆ ಮತ್ತು ವಿ.ಸಿ. ಫಾರಂ ಸೇರಿ ಈ ಬೇಸಿಗೆಯಲ್ಲೇ, ನಾಲೆಗೆ ನೀರು ಬಿಡುವ ಮುಂಚೆ, ಆ ಮಣ್ಣಿನ ಮಾದರಿಗಳನ್ನು ತೆಗೆಯಲಿ. ಲೋಹ ಇಲ್ಲವೆಂದು ಬಂದರೆ ರೈತರಿಗೆ ಹಾಗೆಂದು ಬರೆದುಕೊಡಲಿ. ಇದೆಯೆಂದು ಬಂದರೆ, ಯಾವ ಲೋಹ ಎಷ್ಟಿದೆ ಎಂದು ನೋಡಿಕೊಂಡು, ಅದಕ್ಕೆ ತಕ್ಕಂತೆ ಹದ ಮಾಡಿದ ಇದ್ದಿಲಿನ ಒಂದು ತೊಟ್ಟಿಯನ್ನು ಒಂದೇ ಒಂದು ಚರಂಡಿಯ ಬಾಯಲ್ಲಿ ಕಟ್ಟಿ, ಒಳಹೋಗುವ ನೀರು ಹೊರಬರುವ ನೀರು ಎರಡರ ಲೆಕ್ಕವನ್ನೂ ಊರವರ ಮುಂದಿಡಲಿ.